ಒಂದು ಗಂಟೆಯ ನೀರು

ಫೋಟೋಗ್ರಫಿ ಪ್ರೊಫೆಸರಿಗೆ ಕಾಲೇಜಿನ ಹುಡುಗರು ಇಟ್ಟಿದ್ದ ಹೆಸರು ‘ತೊಳೆಯೋ ಮೇಷ್ಟ್ರು’. ಮೂವತ್ತೊಂದು ವರ್ಷ ಮೊದಲ ತರಗತಿಯಲ್ಲಿ ಅವರು ಹೇಳಿದ್ದು ಒಂದೇ ಪಾಠ. ಹೈಪೋ ಎಂಬ ಮದ್ದಿನಲ್ಲಿ ಅದ್ದಿ ತೆಗೆದ ಚಿತ್ರವನ್ನು ಹರಿಯುವ ನೀರಿನಲ್ಲಿ ಒಂದು ಗಂಟೆ ತೊಳೆಯಬೇಕು. ಆ ಮದ್ದು ಕಾಗದದಲ್ಲಿ ಉಳಿದರೆ ಇವತ್ತಲ್ಲ ನಾಳೆ ಚಿತ್ರವನ್ನೇ ತಿಂದುಹಾಕುತ್ತದೆ. ಐವತ್ತೈದು ನಿಮಿಷಕ್ಕೆ ಎತ್ತಿದವರನ್ನು ಮತ್ತೆ ತೊಟ್ಟಿಯ ಮುಂದೆ ನಿಲ್ಲಿಸುತ್ತಿದ್ದರು.

ಪಾಠ ಅವರದಲ್ಲ, ಅಕ್ಕನದು. ಅಕ್ಕ ಹದಿನಾಲ್ಕನೇ ವಯಸ್ಸಿಗೇ ಒಂದು ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸಕ್ಕೆ ಸೇರಿದ್ದಳು. ಕಿಟಕಿಯ ಕೆಳಗೆ ಭೂತಗನ್ನಡಿ ಇಟ್ಟುಕೊಂಡು, ನಾಲ್ಕು ಕೂದಲಿನ ಕುಂಚದಲ್ಲಿ ಮದುಮಕ್ಕಳ ಮೊಡವೆ ಅಳಿಸುವುದು, ಅಜ್ಜಂದಿರ ಮೀಸೆ ಕಪ್ಪು ಮಾಡುವುದು. ಸತ್ತ ಮೇಲೆ ತೆಗೆಸಿದ ಫೋಟೋಗಳಿಗೆ ಕಣ್ಣು ತೆರೆಸುವುದೂ ಆಕೆಯ ಕೆಲಸವೇ. ಸಂಜೆ ಶಾಲೆ ಬಿಟ್ಟು ಬರುತ್ತಿದ್ದ ತಮ್ಮನನ್ನು ಡಾರ್ಕ್ ರೂಮಿನ ಮೂಲೆಯಲ್ಲಿ ಕೂರಿಸಿಕೊಂಡು ಮದ್ದು ಬೆರೆಸಲು ಕಲಿಸಿದವಳೂ, ಮಾಲೀಕ ಗುಜರಿಗೆ ಎಸೆಯಲಿದ್ದ ಕ್ಯಾಮೆರಾವನ್ನು ಬೇಡಿ ತಂದುಕೊಟ್ಟವಳೂ ಅವಳೇ.

ಆ ಕ್ಯಾಮೆರಾದಲ್ಲಿ ಇಪ್ಪತ್ತಮೂರರ ಪ್ರಾಯದಲ್ಲಿ ಅವರು ಅಮ್ಮನ ಚಿತ್ರ ತೆಗೆದರು. ಕಿಟಕಿ, ಪರದೆ, ಕುರ್ಚಿಯಲ್ಲಿ ಅಮ್ಮ. ದೊಡ್ಡ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಅದರ ಬೆನ್ನಿಗೇ ವಿದ್ಯಾರ್ಥಿವೇತನ, ಹೊರದೇಶದ ಓದು, ಈ ಪ್ರೊಫೆಸರ್ ಕುರ್ಚಿ. ಅಮ್ಮನ ಫೋಟೋ ಅಂತ ಇದ್ದದ್ದು ಅದೊಂದೇ. ಕ್ಯಾಮೆರಾ ಕಂಡರೆ ಅವಳು ಮುಖ ಮುಚ್ಚಿಕೊಳ್ಳುತ್ತಿದ್ದಳು. “ನಿಮ್ಮಕ್ಕ ಊರವರ ಮೂತೀನೆಲ್ಲ ತಿದ್ದಿದ್ದು ಸಾಕು, ನಂದು ಇದ್ದಂಗೆ ಇರ್ಲಿ ಬಿಡು” ಅನ್ನುತ್ತಿದ್ದಳು. ಚಿತ್ರ ತೆಗೆದ ಮರುವರ್ಷವೇ ತೀರಿಕೊಂಡಳು.

ಈಗ ನಿವೃತ್ತಿ. ಅವರ ಜೀವಮಾನದ ಕೆಲಸದ ಪ್ರದರ್ಶನಕ್ಕೆ ಕಾಲೇಜು ತಯಾರಿ ನಡೆಸಿತ್ತು. ಗ್ಯಾಲರಿಯ ಉಸ್ತುವಾರಿ ಹೆಂಗಸು, ಗೋಡೆಗೆ ಹಾಕಲು, ಅವರ ಮೇಲೆ ಪ್ರಭಾವ ಬೀರಿದವರ ಬಗ್ಗೆ ನಾಲ್ಕು ಸಾಲು ಕೇಳಿದಳು. ಅವರು ಐದು ಹೆಸರು ಬರೆದುಕೊಟ್ಟರು.

“ಎಲ್ಲಾ ಹೊರದೇಶದವರೇ. ಇವರಲ್ಲಿ ಯಾರನ್ನಾದ್ರೂ ಕಂಡಿದ್ದೀರಾ ಸರ್?”

“ಪುಸ್ತಕದಲ್ಲಿ.”

“ಸರಿ. ಅಮ್ಮನ ಚಿತ್ರ ಸೋಮವಾರ ತಂದುಬಿಡಿ. ಬಾಗಿಲಲ್ಲೇ ಹಾಕ್ತೀನಿ.”

ಅದಕ್ಕಿಂತ ಮೊದಲೇ ಆ ಚಿತ್ರವನ್ನು ಕೇಳಿದವಳು ಅಕ್ಕ. ಅವಳ ಕಣ್ಣಿನ ನರ ಒಣಗುತ್ತಿತ್ತು. ಎದುರಿಗೆ ಒಂದು ರೂಪಾಯಿಯಷ್ಟಗಲ ಮಾತ್ರ ಕಾಣುತ್ತಿತ್ತು, ಸುತ್ತ ಎಲ್ಲ ಮಬ್ಬು. ಹೆಚ್ಚೆಂದರೆ ಎರಡು ತಿಂಗಳು ಅಂದಿದ್ದರು ಡಾಕ್ಟರು. “ಪೂರ್ತಿ ಕತ್ತಲಾಗೋಕೆ ಮುಂಚೆ ಅಮ್ಮನ ಮುಖ ಒಂದ್ಸಲ ತೋರಿಸೋ ಪುಟ್ಟ” ಎಂದು ಫೋನಿನಲ್ಲಿ ಮೂರು ಸಲ ಹೇಳಿದ್ದಳು.

ಇಪ್ಪತ್ತು ವರ್ಷದಿಂದ ಮುಟ್ಟದ ಆ ಚಿತ್ರದ ಪೆಟ್ಟಿಗೆಯನ್ನು ಅವರು ಶನಿವಾರ ಬೀರುವಿನಿಂದ ಇಳಿಸಿದರು. ಮೇಲಿನ ತೆಳುಕಾಗದ ಸರಿಸಿ, ಹಾಗೆಯೇ ನೆಲಕ್ಕೆ ಕೂತರು. ಕಿಟಕಿಯ ಚೌಕಟ್ಟು ಒಂದಿಷ್ಟು ಉಳಿದಿತ್ತು. ಮಿಕ್ಕದ್ದೆಲ್ಲ ಒಣಗಿದ ಎಲೆಯ ಬಣ್ಣ. ಮುಖ ಇದ್ದ ಕಡೆ ಏನೂ ಇರಲಿಲ್ಲ.

ಆ ಚಿತ್ರ ತೊಳೆದ ದಿನವೇ ಸ್ಪರ್ಧೆಗೆ ಕೊಡಲು ಕೊನೆಯ ದಿನ. ಅಕ್ಕ ಕೆಲಸಕ್ಕೆ ಹೋಗಿದ್ದಳು. ನೀರಿನಿಂದ ಎತ್ತಿ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿ ಓಡಿದ್ದರು. ಸಂಜೆ ಅಕ್ಕ ಕೇಳಿದಾಗ “ಒಂದು ಗಂಟೆ” ಅಂದಿದ್ದರು.

ಭಾನುವಾರ ಪೆಟ್ಟಿಗೆಯೊಂದಿಗೆ ಹೋದರು. ಅಕ್ಕ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು, ತನಗೆ ಉಳಿದಿದ್ದ ಆ ರೂಪಾಯಿಯಗಲದ ನೋಟವನ್ನು ಮೂಲೆಯಿಂದ ಮೂಲೆಗೆ ಓಡಿಸಿದಳು. ಆಮೇಲೆ ಮೂಸಿದಳು.

“ಎಷ್ಟು ಹೊತ್ತು ತೊಳೆದೆ?”

ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು.

“ನಿನ್ನನ್ನೇ ಕಣೋ ಕೇಳ್ತಿರೋದು.”

“ನಾಲ್ಕು ನಿಮಿಷ.”

“ಊರ ಮಕ್ಕಳಿಗೆಲ್ಲ ಒಂದು ಗಂಟೆ. ಹೆತ್ತವಳಿಗೆ ನಾಲ್ಕು ನಿಮಿಷ. ಭೇಷ್ ಪ್ರೊಫೆಸರೇ.” ನಕ್ಕಳು. “ಹೋಗ್ಲಿ ಬಿಡು, ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ? ನೆಗೆಟಿವ್ ಇದೆಯಲ್ಲ, ಇನ್ನೊಂದು ಹಾಕು. ನಾನೇ ಪಕ್ಕದಲ್ಲಿ ನಿಂತು ತೊಳೆಸ್ತೀನಿ.”

“ಅದನ್ನ ಬ್ಲೇಡಲ್ಲಿ ಗೀರಿಬಿಟ್ಟೆ ಅಕ್ಕಾ.”

“ಏನಂದೆ?”

“ಬಹುಮಾನದ ದಿನ, ಎಲ್ಲರೆದುರಿಗೆ. ಇನ್ನೊಂದು ಪ್ರತಿ ಯಾರೂ ತೆಗೀಬಾರದು ಅಂತ. ದೊಡ್ಡ ಕಲಾವಿದರೆಲ್ಲ ಹಾಗೆ ಮಾಡ್ತಿದ್ರು. ಒಂದೇ ಒಂದು ಇದ್ರೇನೇ ಕಲೆ ಅಂತ... ಚಪ್ಪಾಳೆ ಹೊಡೆದ್ರು.”

“ಮುಖದ ಮೇಲೇನಾ ಗೀರಿದ್ದು?”

“ಹೂಂ.”

ಅಕ್ಕ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡಳು. ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಬೀಗ ಹಾಕಿ ಹೋದರು.

“ನಂಗೆ ಅಮ್ಮನ ಮುಖ ನೆನಪಿಲ್ಲ ಕಣೋ” ಅಂದಳು. “ಎಷ್ಟು ಜನರ ಮುಖ ತಿದ್ದಿದೀನಿ, ಎಲ್ಲ ಕಲಸಿಹೋಗಿದೆ. ನಿನ್ನ ಹತ್ರ ಭದ್ರವಾಗಿದೆಯಲ್ಲ ಅಂತ ಧೈರ್ಯವಾಗಿ ಮರೆತುಬಿಟ್ಟೆ.”

“ಅಕ್ಕಾ...”

“ಆ ತಗಡಿನ ಡಬ್ಬಿ ತಾ. ಕುಂಚ ಅದರಲ್ಲೇ ಇದೆ.”

ಅವರು ತಂದುಕೊಟ್ಟರು. ಅಕ್ಕ ಕಿಟಕಿಯ ಕೆಳಗೆ ಕೂತು, ಚಿತ್ರದ ಮೇಲೆ ಭೂತಗನ್ನಡಿ ಇಟ್ಟು, ಬಟ್ಟಲಲ್ಲಿ ಒಣಗಿದ್ದ ಕಪ್ಪು ಬಣ್ಣಕ್ಕೆ ಒಂದು ಹನಿ ನೀರು ಬಿಟ್ಟಳು. ಕುಂಚವನ್ನು ತುಟಿಗೆ ತಾಗಿಸಿ ಮೊನೆ ಮಾಡಿಕೊಂಡಳು.

“ಕಣ್ಣು ಎರಡು ಸಿಕ್ಕಿದ್ರೆ ಮಿಕ್ಕಿದ್ದು ತಾನಾಗಿ ಬರತ್ತೆ. ಎಲ್ಲಿದ್ವು ಹೇಳು. ಕಿಟಕಿ ಕಡೆ ನೋಡ್ತಿದ್ಲಾ, ನಿನ್ನ ಕಡೆಗಾ? ಎದುರಿಗೆ ನಿಂತಿದ್ದವನು ನೀನು.”

ಅವರು ಕಣ್ಣು ಮುಚ್ಚಿದರು. ಪರದೆ ಎಷ್ಟು ಸರಿದಿತ್ತು ಎಂಬುದು ನೆನಪಿತ್ತು. ಬೆಳಕು ಯಾವ ಭುಜದ ಮೇಲೆ ಬಿದ್ದಿತ್ತು, ಕುರ್ಚಿಯ ಕೈಯ ನೆರಳು ನೆಲದಲ್ಲಿ ಎಲ್ಲಿಗೆ ಮುಗಿದಿತ್ತು, ಶಟರಿನ ವೇಗ ಎಷ್ಟಿತ್ತು, ಎಲ್ಲ ನೆನಪಿತ್ತು. ಮುಖವಿದ್ದ ಜಾಗದಲ್ಲಿ ಬರೀ ಒಂದು ತಿಳಿ ಬೂದು ಬಣ್ಣ ನೆನಪಿತ್ತು. ಅದನ್ನು ಸರಿಯಾಗಿ ತರಲು ಅವತ್ತು ಆರು ಕಾಗದ ಹಾಳುಮಾಡಿದ್ದರು.

“ಹೇಳೋ ಪುಟ್ಟ. ಬಣ್ಣ ಒಣಗ್ತಿದೆ.”

ಅಕ್ಕ ಕುಂಚವನ್ನು ಇನ್ನೊಮ್ಮೆ ತುಟಿಗೆ ತಾಗಿಸಿ, ಕಾಗದಕ್ಕೆ ಒಂದು ಕೂದಲಿನಷ್ಟು ಮೇಲೆ ಹಿಡಿದುಕೊಂಡು ಕಾಯುತ್ತಿದ್ದಳು.