ದವಡೆಗೆ ತಂತಿ ಬಿಗಿದ ಸಾಕ್ಷಿ

ಶಾಲೆಗಳ ತಪಾಸಣೆಗೆ ಹೋಗುತ್ತಿದ್ದ ಆ ಅಧಿಕಾರಿಗೆ ಶಿಕ್ಷಣ ಇಲಾಖೆಯವರೆಲ್ಲ ಬೆನ್ನ ಹಿಂದೆ ಕಡ್ಡಿ ಮೇಡಂ ಎಂದು ಹೆಸರಿಟ್ಟಿದ್ದರು. ಮೈ ನೋಡಿ ಇಟ್ಟ ಹೆಸರಲ್ಲ. ಮೇಡಂ ಕೂತರೆ ಕಚೇರಿಯ ಕುರ್ಚಿ ತುಂಬುತ್ತಿತ್ತು. ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಹದಿನಾಲ್ಕು ಸಲ ವರ್ಗವಾಗಿತ್ತು. “ನನ್ನ ನಾಲಿಗೆ ನನಗೆ ದೇಶವೆಲ್ಲ ತೋರಿಸಿಬಿಡ್ತು” ಎಂದು ತಾವೇ ನಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಮಹಡಿಯಲ್ಲಿ ವಾಸ. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಂಗಿಗೆ ಐವತ್ತೆರಡು ದಾಟಿದ್ದರೂ ಅವನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ.

ಎರಡು ವರ್ಷದ ಹಿಂದೆ ಮೇಡಂ ಒಂದು ವಸತಿ ಶಾಲೆಗೆ ಹೇಳದೆ ಕೇಳದೆ ಹೋಗಿ ನಿಂತರು. ಅಡುಗೆಮನೆಯ ಹಿಂದಿನ ಉಗ್ರಾಣದ ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ಏನೋ ಒದ್ದೆಬಟ್ಟೆ ಒಗೆದಂಥ ಸದ್ದು. ಭುಜ ಕೊಟ್ಟು ನೂಕಿದಾಗ ಚಿಲಕ ಕಿತ್ತು ಬಂತು. ಆರೇಳು ಹೆಣ್ಣುಮಕ್ಕಳು ಗೋಡೆಗೆ ಮುಖ ಮಾಡಿ ಮೊಣಕಾಲೂರಿದ್ದರು. ಹಿಂದೆ ಮುಖ್ಯೋಪಾಧ್ಯಾಯ, ಕೈಯಲ್ಲಿ ಮೊಳದುದ್ದದ ರಬ್ಬರ್ ಪೈಪು. ಕೊನೆಯಲ್ಲಿದ್ದ ಹುಡುಗಿಯ ಎಡಗಿವಿಯಿಂದ ರಕ್ತ ಇಳಿದು ಕಾಲರ್ ನೆಂದಿತ್ತು. ಮೇಡಂ ಹೆಸರು ಕೇಳಿದರು, ಅವಳು ತಿರುಗಲಿಲ್ಲ. ಎರಡನೇ ಸಲ ಕೇಳಿದರು. ಹಟ ಮಾಡುತ್ತಿದ್ದಾಳೆ ಅಂದುಕೊಂಡವರಿಗೆ ಮೂರನೇ ಸಲಕ್ಕೆ ಗೊತ್ತಾಯಿತು, ಆ ಮಗುವಿಗೆ ಕೇಳಿಸುತ್ತಿಲ್ಲ.

“ಪೆಟ್ಟು ಬೀಳದೆ ಇವು ದಾರಿಗೆ ಬರಲ್ಲ ಮೇಡಂ,” ಎಂದ ಮುಖ್ಯೋಪಾಧ್ಯಾಯ, ಪೈಪನ್ನು ಬೆನ್ನ ಹಿಂದೆ ಸರಿಸಿಕೊಂಡು. “ನಿಮ್ಮ ಕಾಲದಲ್ಲಿ ಹೊಡೀತಿರಲಿಲ್ವಾ?”

“ಹೊಡೀತಿದ್ರು. ಹೊಡೆದವರಲ್ಲಿ ಒಬ್ಬರ ಮುಖನೂ ನಾನು ಮರೆತಿಲ್ಲ.”

ಅಂದೇ ವರದಿ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಮತ್ತೊಂದು ಬರೆದರು, ಮಗದೊಂದು ಬರೆದರು. ಇಲಾಖೆಯ ನಿರ್ದೇಶಕರು ಕರೆಸಿ, “ಎಷ್ಟು ಅಂತ ಬರೀತೀರಿ? ಕೈ ನೋಯಲ್ವಾ?” ಎಂದು ಕೇಳಿ ನಕ್ಕರು. ಆ ಮುಖ್ಯೋಪಾಧ್ಯಾಯ ನಿರ್ದೇಶಕರ ಹೆಂಡತಿಯ ತಮ್ಮ ಎಂಬುದು ಕಚೇರಿಯ ಕಸ ಗುಡಿಸುವವಳಿಗೂ ಗೊತ್ತಿತ್ತು.

ಹುಡುಗಿಯ ತಾಯಿ ಮಾತ್ರ ಸುಮ್ಮನಾಗಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಯಾರನ್ನೋ ಕೇಳಿ ಸಂಸತ್ತಿನ ಶಿಕ್ಷಣ ಸಮಿತಿಗೆ ಅರ್ಜಿ ಹಾಕಿಬಿಟ್ಟಳು. ಆ ಸಮಿತಿಗೆ ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರವಿಲ್ಲ. ಆದರೆ ಇಲಾಖೆಯ ಯಾರನ್ನು ಬೇಕಾದರೂ ಕರೆಸಿ ಪ್ರಮಾಣ ಮಾಡಿಸಿ ಕೇಳಬಹುದು, ಯಾವ ಕಡತ ಬೇಕಾದರೂ ತರಿಸಬಹುದು, ಕಂಡದ್ದನ್ನು ಸಂಸತ್ತಿನ ಮುಂದೆ ಇಡಬಹುದು. ಆಳುವ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಮೇಜಿನ ಸುತ್ತ ಕೂರುವ ಸಮಿತಿ ಅದು. ಇಲಾಖೆ ಅದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಟ್ಟಿತು: ಕಳೆದ ಐದು ವರ್ಷಗಳಲ್ಲಿ ಮಕ್ಕಳನ್ನು ಹೊಡೆದ ಬಗ್ಗೆ ಒಂದೇ ಒಂದು ವರದಿಯೂ ಬಂದಿಲ್ಲ. ಅದನ್ನು ಓದಿದ ಸಮಿತಿಯ ಅಧ್ಯಕ್ಷರು, ತಾಯಿಯ ಅರ್ಜಿಯಲ್ಲಿ ಹೆಸರಿದ್ದ ಕಡ್ಡಿ ಮೇಡಂಗೆ ಸಾಕ್ಷಿ ಹೇಳಲು ಬರಬೇಕೆಂದು ಪತ್ರ ಕಳಿಸಿದರು.

ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ತಮ್ಮ ಮೂರು ವರದಿಗಳ ಪ್ರತಿ ತೆಗೆದುಕೊಳ್ಳಲು ಇಲಾಖೆಯ ದಾಖಲೆ ಕೋಣೆಗೆ ಹೋದರು. ಕಬ್ಬಿಣದ ಕಪಾಟುಗಳ ಸಾಲು, ಧೂಳು, ಒಂದೇ ಕಿಟಕಿ. ದಾಖಲೆ ನೋಡಿಕೊಳ್ಳುವ ಗುಮಾಸ್ತ ಮೇಡಂ ಮುಖ ನೋಡಿದವನೇ, “ಟೀ ಕುಡಿದು ಬರ್ತೀನಿ” ಎಂದು ಎದ್ದು ಹೋದ. ಅವನು ಹೋದ ಬಾಗಿಲಿನಿಂದಲೇ ಇಬ್ಬರು ಒಳಬಂದರು. ಒಬ್ಬ ಬೋಳುತಲೆಯವನು, ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತ. ಇನ್ನೊಬ್ಬ ಉದ್ದನೆಯವನು, ಕೂದಲಿಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದ.

“ನಾಳೆ ನಿಮಗೆ ಹುಷಾರಿರಲ್ಲ, ಅಲ್ವಾ ಮೇಡಂ?” ಎಂದ ಉದ್ದನೆಯವನು.

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ.”

ಅವನು ಮೊದಲ ಪೆಟ್ಟನ್ನು ಹೊಟ್ಟೆಗೆ ಕೊಟ್ಟ. ಮೇಡಂಗೆ ಉಸಿರೇ ನಿಂತಂತಾಗಿ, ಕಪಾಟಿನ ಅಂಚು ಹಿಡಿದರು. ಕಿರುಚಲು ಬಾಯಿ ತೆರೆದಾಗ ಅವನು ಅಂಗೈ ಇಟ್ಟು ಅಮುಕಿದ. ಮೇಡಂಗೆ ಬೇರೇನೂ ತೋಚಲಿಲ್ಲ, ಸಿಕ್ಕ ಹೆಬ್ಬೆರಳಿನ ಬುಡವನ್ನು ಕಚ್ಚಿದರು. ಚರ್ಮ ಹರಿದು ಬಾಯಿ ತುಂಬ ಉಪ್ಪುಪ್ಪು ರಕ್ತ ಬಂದರೂ ಬಿಡಲಿಲ್ಲ. ಅವನು ನಾಯಿಯ ಹಾಗೆ ಕೂಗಿ, ಇನ್ನೊಂದು ಕೈಯಿಂದ ಅವರ ಜುಟ್ಟು ಹಿಡಿದು ಮುಖವನ್ನು ಕಪಾಟಿನ ಮೂಲೆಗೆ ಬಡಿದ. ಒಂದು ಸಲ. ಮತ್ತೆ ಇನ್ನೊಂದು ಸಲ. ಎರಡನೆಯದಕ್ಕೆ ಒಳಗೆ ಏನೋ ಲಟಕ್ಕೆಂದಿತು. ನೋವು ಆಮೇಲೆ ಬಂತು. ಕೆಳಗೆ ಬಿದ್ದವರ ಪಕ್ಕೆಗೆ ಬೋಳುತಲೆಯವನು ಬಂದು ಬೂಟುಗಾಲಲ್ಲಿ ಒದ್ದ. ಸಾವಕಾಶವಾಗಿ, ಲೆಕ್ಕವಿಟ್ಟುಕೊಂಡವನ ಹಾಗೆ ಒದ್ದ. ಧೂಳಿನ ನೆಲದಲ್ಲಿ ಕೆನ್ನೆಯಿಟ್ಟು ಮಲಗಿದ್ದ ಮೇಡಂಗೆ ಯಾಕೋ ಉಗ್ರಾಣದ ಆ ಗೋಡೆಗೆ ಮುಖ ಮಾಡಿದ್ದ ಮಕ್ಕಳ ಅಂಗಾಲುಗಳು ಕಂಡವು.

ಆಸ್ಪತ್ರೆಗೆ ಸೇರಿಸಿದ್ದು ಕಸ ಗುಡಿಸುವವಳು. ಕೆಳದವಡೆ ಎರಡು ಕಡೆ ಮುರಿದಿತ್ತು, ಪಕ್ಕೆಯ ಒಂದು ಎಲುಬೂ ಮುರಿದಿತ್ತು. ವೈದ್ಯರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹೆಣೆದು ಬಾಯಿ ಬಿಗಿದುಬಿಟ್ಟರು. ಆರು ವಾರ ಬಾಯಿ ತೆರೆಯುವಂತಿಲ್ಲ, ಹೊಟ್ಟೆಗೆ ಹೋಗುವುದೆಲ್ಲ ನಳಿಗೆಯಲ್ಲಿ. ಅಷ್ಟರಲ್ಲಿ ಇಲಾಖೆಯಿಂದ ಪೊಲೀಸರಿಗೆ ಮಾಹಿತಿ ಹೋಗಿತ್ತು: ಅಧಿಕಾರಿ ಏಣಿ ಹತ್ತಿ ಕಡತ ತೆಗೆಯುವಾಗ ಜಾರಿ ಬಿದ್ದರು.

ಅಣ್ಣ ಡಿಪೋದ ಬಟ್ಟೆಯಲ್ಲೇ ಬಂದ, ಕೈಯ ಗ್ರೀಸು ಕೂಡ ತೊಳೆದಿರಲಿಲ್ಲ. ತಂಗಿಯ ಮುಖ ನೋಡಿ ಗೋಡೆಯ ಕಡೆ ತಿರುಗಿ ನಿಂತ.

“ಯಾರು ಅಂತ ಬರೆದುಕೊಡು ಪುಟ್ಟಿ. ಸಂಜೆಯೊಳಗೆ ಅವರ ಕೈಕಾಲು ಬೇರೆ ಬೇರೆ ಮಾಡ್ತೀನಿ.”

ಮೇಡಂ ಹಾಳೆ ಕೇಳಿ ಬರೆದರು: ನಾಳೆ ಹತ್ತಕ್ಕೆ ನನ್ನನ್ನು ಸಂಸತ್ತಿಗೆ ಕರೆದುಕೊಂಡು ಹೋಗು.

“ತಲೆ ಕೆಟ್ಟಿದೆಯಾ? ಬಾಯಿಗೇ ಬೀಗ ಹಾಕಿದ್ದಾರೆ. ಏನು ಹೇಳ್ತೀಯ ಅಲ್ಲಿ ಹೋಗಿ?”

ಅದೇ ಸಾಲಿನ ಕೆಳಗೆ ಮೇಡಂ ಗೆರೆ ಎಳೆದರು.

ಸಮಿತಿಯ ಕೋಣೆಯಲ್ಲಿ ಕುದುರೆಲಾಳದ ಆಕಾರದ ಮೇಜು, ಪ್ರತಿ ಕುರ್ಚಿಯ ಮುಂದೆ ಮೈಕು, ಗಾಜಿನ ಹೂಜಿಯಲ್ಲಿ ನೀರು. ಅಧ್ಯಕ್ಷರು ಆಳುವ ಪಕ್ಷದ ಮುದುಕರು. ಇಲಾಖೆಗೆ ಹೆಚ್ಚು ತೊಂದರೆ ಕೊಡಲಾರರು ಎಂದೇ ಎಲ್ಲರೂ ತಿಳಿದಿದ್ದರು. ಎದುರಿಗೆ ಇಲಾಖೆಯ ಕಾರ್ಯದರ್ಶಿ, ಪಕ್ಕದಲ್ಲಿ ನಿರ್ದೇಶಕರು, ಅವರ ಹಿಂದಿನ ಸಾಲಿನಲ್ಲಿ ಕಡತ ಹಿಡಿದ ಸಿಬ್ಬಂದಿ. ಅಣ್ಣನಿಗೆ ಒಳಗೆ ಪ್ರವೇಶವಿರಲಿಲ್ಲ, ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತ. ಮುಖ ಊದಿ ನೀಲಿಗಟ್ಟಿದ್ದ ಮೇಡಂ ಬಂದು ಸಾಕ್ಷಿಯ ಕುರ್ಚಿಯಲ್ಲಿ ಕೂತರು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. “ಅಧ್ಯಕ್ಷರೇ, ಸಾಕ್ಷಿ ಬಾಯಿಮಾತಿನಲ್ಲೇ ಉತ್ತರಿಸಬೇಕು. ಇವರು ಪಾಪ, ಏಣಿಯಿಂದ ಬಿದ್ದಿದ್ದಾರೆ. ವಿಚಾರಣೆ ಮುಂದೆ ಹಾಕೋದು ಒಳ್ಳೇದು.”

“ಕೈ ಬಿದ್ದುಹೋಗಿಲ್ಲವಲ್ಲ,” ಎಂದರು ಅಧ್ಯಕ್ಷರು. “ಅವರು ಬರೀಲಿ. ನಮ್ಮ ವರದಿಗಾರ್ತಿ ಓದ್ತಾರೆ.”

ಶೀಘ್ರಲಿಪಿಯಲ್ಲಿ ಬರೆದುಕೊಳ್ಳಲು ಕೂತಿದ್ದ ವರದಿಗಾರ್ತಿ ಎದ್ದು ಬಂದು ಮೇಡಂ ಪಕ್ಕ ನಿಂತಳು. ಇಪ್ಪತ್ತು ವರ್ಷದಿಂದ ಇನ್ನೊಬ್ಬರ ಮಾತನ್ನೇ ಬರೆದವಳು. ಅವಳ ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ. ಮೇಡಂ ಬರೆಯುತ್ತಾ ಹೋದಂತೆ ಅವಳು ಓದುತ್ತಾ ಹೋದಳು. ಉಗ್ರಾಣ, ಪೈಪು, ಕಿವಿ. ಮೂರು ವರದಿಗಳ ತಾರೀಖು. ಎಲ್ಲವೂ ನೆನಪಿನಿಂದ.

“ಇಂಥ ವರದಿ ನಮ್ಮಲ್ಲಿ ಇಲ್ಲವೇ ಇಲ್ಲ,” ಎಂದರು ನಿರ್ದೇಶಕರು. “ಇವರಿಗೆ ಬಡ್ತಿ ಸಿಗಲಿಲ್ಲ ಅಂತ ನಮ್ಮ ತಲೆ ಮೇಲೆ ಗೂಬೆ ಕೂರಿಸ್ತಿದ್ದಾರೆ.”

ಮಾತು ಮುಗಿಸಿ ಅವರು ಒಂದು ಕಡತಕ್ಕಾಗಿ ಹಿಂದಕ್ಕೆ ಕೈಚಾಚಿದರು. ಹಿಂದಿನಿಂದ ಕಡತ ಮುಂದೆ ಬಂತು. ಅದನ್ನು ಹಿಡಿದ ಕೈಯ ಹೆಬ್ಬೆರಳಿಗೆ ದಪ್ಪ ಬಿಳಿ ಪಟ್ಟಿ. ಮೇಡಂ ತಲೆಯೆತ್ತಿ ನೋಡಿದರು. ಎಣ್ಣೆ ಹಾಕಿ ಬಾಚಿದ ಕೂದಲು. ಅವನೂ ಅವರನ್ನೇ ನೋಡುತ್ತಿದ್ದ. ತುಟಿಯ ತುದಿಯಲ್ಲಿ ಸಣ್ಣ ನಗೆ. ಬಾಯಿ ಬಿಗಿದವಳು ಏನು ತಾನೇ ಹೇಳಿಯಾಳು ಎಂಬ ಧೈರ್ಯ.

ಮೇಡಂ ಬರೆದು ಹಾಳೆ ಸರಿಸಿದರು.

“ಎರಡನೇ ಸಾಲಿನ ಉದ್ದನೆಯ ವ್ಯಕ್ತಿಯ ಕೈಪಟ್ಟಿ ಬಿಚ್ಚಿಸಿ,” ಎಂದು ವರದಿಗಾರ್ತಿ ಅದೇ ಧ್ವನಿಯಲ್ಲಿ ಓದಿದಳು. “ನಿನ್ನೆ ನನ್ನ ದವಡೆ ಮುರಿದವನು ಅವನೇ. ಪಟ್ಟಿಯ ಒಳಗೆ ನನ್ನ ಹಲ್ಲಿನ ಗುರುತಿದೆ.”

ಆಳುವ ಪಕ್ಷದ ಸದಸ್ಯರೊಬ್ಬರು, “ಇದು ಇವತ್ತಿನ ವಿಷಯವೇ ಅಲ್ಲ” ಎಂದರು. ಅಧ್ಯಕ್ಷರು ಅದಕ್ಕೆ ಸೊಪ್ಪು ಹಾಕಲಿಲ್ಲ. “ಪಟ್ಟಿ ಬಿಚ್ಚಪ್ಪ” ಎಂದರು ಉದ್ದನೆಯವನಿಗೆ. ಅವನು ನಿರ್ದೇಶಕರನ್ನು ನೋಡಿದ. ನಿರ್ದೇಶಕರು ಮೇಜನ್ನು ನೋಡಿದರು. ಕಾವಲಿನವನು ಹತ್ತಿರ ಬಂದದ್ದೇ ತಡ, ಉದ್ದನೆಯವನು ನೀರಿನ ಹೂಜಿ ಎತ್ತಿ ಅವನ ಹಣೆಗೆ ಬೀಸಿದ. ಗಾಜು ಒಡೆದು ನೀರೂ ರಕ್ತವೂ ಒಟ್ಟಿಗೆ ಇಳಿದವು. ಮೂರು ಕುರ್ಚಿ ಉರುಳಿಸಿ ಬಾಗಿಲು ಒದ್ದು ಕಾರಿಡಾರಿಗೆ ಹಾರಿದ.

ಕಾರಿಡಾರಿನಲ್ಲಿ ಅಣ್ಣನಿದ್ದ. ಕಾವಲಿನವರು, “ಹಿಡೀರಿ, ಮೇಡಂಗೆ ಹೊಡೆದವನು” ಎಂದು ಕೂಗಿದ್ದು ಅವನ ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು.

ಮೇಡಂ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದರು. ಅಣ್ಣ ಅವನ ಕೊರಳುಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ತುಕ್ಕು ಹಿಡಿದ ನಟ್ಟುಗಳನ್ನು ನಲವತ್ತು ವರ್ಷ ಬಿಚ್ಚಿದ ಮುಷ್ಟಿ ಮುಖದ ಮೇಲೆ ಬೀಳುತ್ತಿತ್ತು. ಮೂಗು ಜಜ್ಜಿಹೋಯಿತು. ಅವನು ಕೈ ಅಡ್ಡ ಹಿಡಿದ, ಆಮೇಲೆ ಹಿಡಿಯುವುದನ್ನೂ ಬಿಟ್ಟ. ಅಣ್ಣ ಅವನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಮಂಡಿಯೂರಿ ಹೊಡೆಯುತ್ತಲೇ ಇದ್ದ.

ಮೇಡಂ ಸುಮ್ಮನೆ ನಿಂತಿದ್ದರು. ಕಾಲು ಮುಂದೆ ಹೋಗದೆ ಅಲ್ಲ, ಹೋಗುವ ಮನಸ್ಸಿರಲಿಲ್ಲ. ಪ್ರತಿ ಪೆಟ್ಟಿಗೂ ಅವರ ದವಡೆಯ ನೋವು ಒಂದಿಷ್ಟು ಇಳಿದ ಹಾಗಾಯಿತು. ಇನ್ನೂ ಬೀಳಲಿ, ಎಂದುಕೊಂಡರು. ಆಮೇಲೆ ಅಣ್ಣನ ಬೆರಳುಗಂಟು ಅವನ ಬಲಗಣ್ಣಿಗೇ ಬಡಿಯಿತು. ಅವನು ಮಗುವಿನ ಹಾಗೆ ಸಣ್ಣಗೆ, “ಸಾಕು” ಎಂದ. ಆ ಒಂದು ಮಾತಿಗೆ ಮೇಡಂ ಓಡಿ ಹೋಗಿ ಅಣ್ಣನ ತೋಳಿಗೆ ಜೋತುಬಿದ್ದರು. ಕೂಗಲು ಬಾಯಿಲ್ಲ; ತಂತಿಯ ಸಂದಿಯಿಂದ ಬರಿಯ ಊಳು. ಅಣ್ಣ ಕೊಡವಿದ, ಮೊಣಕೈ ಅವರ ಮುರಿದ ಪಕ್ಕೆಗೆ ತಾಗಿತು, ಆದರೂ ಬಿಡಲಿಲ್ಲ. ನಾಲ್ಕು ಜನ ಕಾವಲಿನವರು ಬಂದು ಇಬ್ಬರನ್ನೂ ಬಿಡಿಸಬೇಕಾಯಿತು.

ಉದ್ದನೆಯವನ ಬಲಗಣ್ಣು ಉಳಿಯಲಿಲ್ಲ. ಪಟ್ಟಿ ಬಿಚ್ಚಿದಾಗ ಹೆಬ್ಬೆರಳಿನ ಬುಡದಲ್ಲಿ ಹಲ್ಲಿನ ಸಾಲು ಸ್ಪಷ್ಟವಾಗಿತ್ತು. ಆಸ್ಪತ್ರೆಯ ಹಾಸಿಗೆಯಿಂದಲೇ ಎಲ್ಲ ಬಾಯಿಬಿಟ್ಟ: ಕಳಿಸಿದವರು ನಿರ್ದೇಶಕರು, ಜೊತೆಗಿದ್ದ ಬೋಳುತಲೆಯವನು ಅವರ ಡ್ರೈವರ್, ಮೂರು ವರದಿಗಳನ್ನು ಹಿಂದಿನ ವಾರವೇ ಸುಟ್ಟಾಗಿತ್ತು. ನಿರ್ದೇಶಕರೂ ಡ್ರೈವರೂ ಮುಖ್ಯೋಪಾಧ್ಯಾಯನೂ ಒಂದೇ ದಿನ ಸೆರೆಯಾದರು.

ಅಣ್ಣನೂ ಸೆರೆಯಾದ. ಪೊಲೀಸ್ ಅಧಿಕಾರಿ ಮೇಡಂ ಮುಂದೆ ಹಾಳೆ ಇಟ್ಟು ದನಿ ತಗ್ಗಿಸಿದ. “ನೀವು ಒಳಗಿದ್ರಿ, ಏನೂ ನೋಡಿಲ್ಲ ಅಂತ ಒಂದು ಸಾಲು ಬರೆದುಬಿಡಿ ಮೇಡಂ. ನೂಕುನುಗ್ಗಲಲ್ಲಿ ಏನಾಯ್ತೋ ಅಂತ ಮುಗಿಸ್ತೀನಿ. ನಿಮ್ಮಣ್ಣ ಸಂಜೆ ಮನೇಲಿರ್ತಾರೆ.”

ಮೇಡಂ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಇಲಾಖೆಯೂ ಹೀಗೇ ಅಲ್ಲವೇ ಬರೆದದ್ದು, ಏನೂ ಬಂದಿಲ್ಲ, ಏನೂ ಕಂಡಿಲ್ಲ ಅಂತ? ಕೊನೆಗೆ ಒಂದೂವರೆ ಪುಟ ಬರೆದರು. ಕಂಡದ್ದೆಲ್ಲವನ್ನೂ ಬರೆದರು. ತಾವು ತಡೆಯದೆ ನಿಂತು ನೋಡಿದ್ದನ್ನೂ, ನಿಂತದ್ದು ಯಾಕೆ ಎಂಬುದನ್ನೂ ಬಿಡಲಿಲ್ಲ.

ಅಣ್ಣನಿಗೆ ಎಂಟು ತಿಂಗಳ ಸಜೆಯಾಯಿತು. ಅತ್ತಿಗೆ ಮಹಡಿಗೆ ಬಂದು ಬಾಗಿಲಲ್ಲೇ ನಿಂತು, “ನಿನಗೋಸ್ಕರ ಹೊಡೆದವನನ್ನ ನೀನೇ ಒಳಗೆ ಹಾಕಿಸಿದೆಯಲ್ಲಮ್ಮ” ಎಂದಳು. ಕೂಗಾಡಲಿಲ್ಲ. ಅಂದಿನಿಂದ ಮೇಲೆ ಬರುವುದನ್ನು ಬಿಟ್ಟಳು. ಮೇಡಂ ನಳಿಗೆಯಲ್ಲಿ ಗಂಜಿ ಎಳೆಯುತ್ತಾ ಒಬ್ಬರೇ ದಿನ ತಳ್ಳಿದರು. ವಾರಕ್ಕೊಮ್ಮೆ ಜೈಲಿನ ಬಾಗಿಲಿಗೆ ಹೋಗುತ್ತಿದ್ದರು. ಮೊದಲ ಆರು ಸಲ ಅಣ್ಣ ಭೇಟಿಗೆ ಒಪ್ಪಲಿಲ್ಲ. ಏಳನೇ ಸಲ ಬಂದು ಸರಳಿನ ಆಚೆ ಕೂತ.

“ಇನ್ನೊಂದು ಸಲ ನಿನಗೆ ಯಾರಾದ್ರೂ ಕೈ ಎತ್ತಿದ್ರೆ ಹೀಗೇ ಹೊಡೀತೀನಿ,” ಎಂದ.

“ಗೊತ್ತು,” ಎಂದರು ಮೇಡಂ. ತಂತಿ ಬಿಚ್ಚಿದ್ದರೂ ಮಾತು ಇನ್ನೂ ತೊದಲುತ್ತಿತ್ತು. “ಅವನಿಗೆ ಕಣ್ಣು ಹೋಯ್ತಲ್ಲ ಅಣ್ಣ.”

ಅಣ್ಣ ತನ್ನ ಬೆರಳುಗಂಟುಗಳನ್ನು ನೋಡಿಕೊಂಡ. “ಅದು ನಿದ್ದೇಲೂ ಬರುತ್ತೆ,” ಎಂದ.

ಸಮಿತಿಯ ವರದಿ ಸಂಸತ್ತಿನ ಮುಂದೆ ಬಂತು. ಪ್ರತಿ ವಸತಿ ಶಾಲೆಗೂ ಹೊರಗಿನವರ ತಪಾಸಣೆ, ಪ್ರತಿ ದೂರೂ ನೇರ ಸಮಿತಿಗೆ, ಕಿವಿ ಕಳೆದುಕೊಂಡ ಹುಡುಗಿಗೆ ಸರ್ಕಾರದ್ದೇ ಚಿಕಿತ್ಸೆ. ಇಲಾಖೆ ಆರು ತಿಂಗಳ ಮೇಲೆ ಉತ್ತರ ಕಳಿಸಿತು: ಎಲ್ಲ ಶಿಫಾರಸುಗಳನ್ನೂ ಒಪ್ಪಲಾಗಿದೆ, ಎಲ್ಲವೂ ಜಾರಿಯಾಗಿದೆ. ಹುಡುಗಿಯ ಚಿಕಿತ್ಸೆಯೇನೋ ನಡೆದಿತ್ತು, ಒಂದು ಕಿವಿಗೆ ಅರ್ಧದಷ್ಟು ಕೇಳಿಸತೊಡಗಿತ್ತು. ಉಳಿದದ್ದು ಎಲ್ಲಿ ಜಾರಿಯಾಗಿದೆ ಎಂದು ನೋಡಲು ಮೇಡಂ ಒಂಬತ್ತು ಶಾಲೆಗಳಿಗೆ ಹೇಳದೆ ಹೋದರು. ಅವುಗಳಲ್ಲಿ ಐದರಲ್ಲಿ ಇನ್ನೂ ಪೆಟ್ಟಿನ ಸದ್ದು ಕೇಳಿ ಬಂದರು. ಸಮಿತಿ ಮತ್ತೆ ಕರೆಯಿತು.

ಆ ಬೆಳಿಗ್ಗೆ ಬಸ್ಸಿಗೆಂದು ಕೆಳಗಿಳಿದರೆ ಅಣ್ಣ ಗೆಳೆಯನ ಹಳೆಯ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಬಿಡುಗಡೆಯಾಗಿ ಮೂರು ವಾರವಾಗಿತ್ತು. ದಾರಿಯುದ್ದಕ್ಕೂ ಎಂಜಿನ್ನಿನ ಸದ್ದು ಸರಿಯಿಲ್ಲ ಎಂದು ಗೊಣಗಿದ. ಸಂಸತ್ತಿನ ಗೇಟಿನ ಹೊರಗೇ ಕಾರು ನಿಲ್ಲಿಸಿದ. ಆ ಕಟ್ಟಡದೊಳಗೆ ಅವನು ಇನ್ನು ಕಾಲಿಡುವಂತಿರಲಿಲ್ಲ.

“ಎಷ್ಟು ಹೊತ್ತಾಗುತ್ತೆ ಪುಟ್ಟಿ?”

“ಅವರು ಎಷ್ಟು ಸುಳ್ಳು ಹೇಳ್ತಾರೋ ಅಷ್ಟು ಹೊತ್ತು.”

ಅಣ್ಣ ಬಾನೆಟ್ಟು ಎತ್ತಿ, ತೋಳು ಮಡಿಸಿಕೊಂಡು ಎಂಜಿನ್ನಿಗೆ ಬಾಗಿದ. ಮೇಡಂ ಕಡತದ ಚೀಲವನ್ನು ಹೆಗಲಿಗೇರಿಸಿ ತಪಾಸಣೆಯ ಸಾಲಿನಲ್ಲಿ ಹೋಗಿ ನಿಂತರು.