ಬೇಲಿಯ ಒಳಗಿನ ಮಗಳು

ಸವಣೂರಿನ ವೀಳ್ಯದೆಲೆ ತೋಟದ ಉಸ್ಮಾನಸಾಬ ತಾಲೂಕು ಕಚೇರಿಯ ಬೆಂಚಿನ ಮೇಲೆ ಕುಳಿತು ಒಂದು ತಾಸಾಗಿತ್ತು. ಒಂದು ಮಗ್ಗುಲಿಗೆ ಹೆಂಡತಿ ತಸ್ಲೀಮಾ, ಇನ್ನೊಂದು ಮಗ್ಗುಲಿಗೆ ಸೆನವಾರಾ.

ಸೆನವಾರಾ ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ಹೆಣ್ಣುಮಗಳು. ಊರು ಸುಟ್ಟ ದಿನ ಅವಳ ತಾಯಿ ಒಂದು ದಾರಿ ಹಿಡಿದು ಬಾಂಗ್ಲಾದೇಶದ ಕ್ಯಾಂಪು ಸೇರಿದಳು. ಇವಳು ಇನ್ನೊಂದು ದಾರಿ ಹಿಡಿದು ದಿಲ್ಲಿ, ಹೈದರಾಬಾದು ಸುತ್ತಿ ಸವಣೂರಿಗೆ ಬಂದಳು. ಈಗ ತಾಯಿಯನ್ನು ಕೆನಡಾ ಕರೆಸಿಕೊಂಡಿದೆ. ದಿಲ್ಲಿಯಲ್ಲಿರುವ ವಿಶ್ವಸಂಸ್ಥೆಯ ಕಚೇರಿ ಮಗಳ ಹೆಸರನ್ನೂ ಅಲ್ಲಿಗೇ ಕಳಿಸಿದೆ. ದೇಶ ಬಿಡಲು ಸರ್ಕಾರದ ಪರವಾನಗಿಯೊಂದು ಬಾಕಿ. ಇವತ್ತಿನ ವಿಚಾರಣೆ ಅದಕ್ಕೇ.

ವಿಚಾರಣೆಗೆ ಬಂದ ಅಧಿಕಾರಿ ಪ್ರಶಾಂತ ಒಳಗೆ ಕರೆದು ಎರಡು ಕಾಗದ ಮುಂದಿಟ್ಟ.

"ಅಜ್ಜಾರ, ಇದು ವಿಶ್ವಸಂಸ್ಥಿ ಕೊಟ್ಟ ಕಾರ್ಡು. ಈಕಿ ಬರ್ಮಾದಾಕಿ ಅಂತೈತಿ. ಇದು ಎರಡು ವರ್ಷದ ಹಿಂದಿನ ಮನಿ ಸಮೀಕ್ಷೆ. ಇದರಾಗ ಈಕಿ ನಿಮ್ಮ ಮಗಳು, ಹುಟ್ಟಿದ್ದು ಸವಣೂರಾಗ. ಕೆಳಗ ಸಹಿ ನಿಮ್ದ. ಯಾವುದು ಖರೇ?"

ಉಸ್ಮಾನಸಾಬ ಕಾಗದ ಹತ್ತಿರ ಎಳೆದು ತನ್ನ ಸಹಿ ನೋಡಿದ.

ಅವರ ಮನೆತನದಲ್ಲಿ ಎಲೆಬಳ್ಳಿಯ ತೋಟಕ್ಕೆ ಹೊರಗಿನವರು ಇಳಿಯುವಂತಿಲ್ಲ. ಮನೆಯವರು ಮಾತ್ರ, ಅದೂ ಬರಿಗಾಲಲ್ಲಿ. ಅಜ್ಜನ ಕಾಲದಲ್ಲಿ ಒಬ್ಬ ಅಮಲ್ದಾರ ಬೇಲಿಯ ಹೊರಗೇ ನಿಂತು ಮಾತಾಡಿ ಹೋದದ್ದು ಅವನಿಗೆ ನೆನಪಿತ್ತು. ಎಲೆ ಕಟ್ಟುವ ಹೆಂಗಸರೂ ಹೊರಗಿನ ಹುಣಸೆ ನೆರಳಿಗೇ ಕೂಡುತ್ತಾರೆ. ಕೆಲಸ ಕೇಳಿಕೊಂಡು ಬಂದ ಸೆನವಾರಾಳಿಗೆ ದಾರಿ ಹುಡುಕಿದವಳು ತಸ್ಲೀಮಾ. ಆ ಹೆಂಗಸರ ಎದುರಿಗೇ ಅವಳ ಕೈಗೆ ಹಸಿರು ಬಳೆ ಏರಿಸಿ, "ಇವತ್ತಿನಿಂದ ಈಕಿ ನಮ್ಮ ಮಗಳು" ಅಂದು ಒಳಗೆ ಬಿಟ್ಟಳು. ಸಮೀಕ್ಷೆಯವರು ಬೇಲಿಗೆ ಬಂದು "ಒಳಗ ಇರಾಕಿ ಯಾರ್ರಿ?" ಎಂದು ಕೇಳಿದಾಗ ಹೆಂಗಸರೆಲ್ಲ ಕಿವಿಗೊಟ್ಟು ಕೂತಿದ್ದರು. ಮಗಳು ಎನ್ನದೆ ಬೇರೆ ಏನು ಹೇಳಲಿಕ್ಕಾಗುತ್ತಿತ್ತು? ಹುಟ್ಟಿದ ಊರನ್ನು ಅವರೇ ಬರೆದುಕೊಂಡರು. ಉಸ್ಮಾನಸಾಬ ಓದದೆ ಸಹಿ ಹಾಕಿದ್ದ.

"ಬರ್ಮಾ ಇವರು ನಮ್ಮವರಲ್ಲ ಅಂತೈತಿ," ಪ್ರಶಾಂತ ನಿಧಾನವಾಗಿ ಹೇಳಿದ. "ಬಾಂಗ್ಲಾದಾಗ ಕ್ಯಾಂಪ್ ತುಂಬಿ ತುಳುಕಾಕತ್ತೈತಿ. ನಮ್ಮ ದೇಶ ನಿರಾಶ್ರಿತರ ಒಪ್ಪಂದಕ್ಕ ಸಹಿ ಹಾಕಿಲ್ಲ. ಕೆನಡಾ ಒಂದ ಬಾ ಅಂದೈತಿ. ಮಗಳು ಅಂದ್ರ ಈ ಕಾರ್ಡು ಸುಳ್ಳಾಗತೈತಿ, ಪರವಾನಗಿ ಸಿಗೂದಿಲ್ಲ. ಅಲ್ಲ ಅಂದ್ರ, ಸರ್ಕಾರಕ್ಕ ಸುಳ್ಳು ಬರೆಸಿದ್ದಕ್ಕ ನಿಮ್ಮ ಮ್ಯಾಲ ಕೇಸ್ ಬೀಳಬಹುದು."

"ಎರಡೂ ಖರೇ ಅಂತ ಬರ್ಕೊಳ್ರಿ ಸಾಹೇಬ್ರ," ಅಂದಳು ತಸ್ಲೀಮಾ.

"ಅವ್ವಾರ, ಈ ಫಾರ್ಮಿನಾಗ ಅದಕ್ಕ ಜಾಗಾ ಇಲ್ರಿ."

ಕನ್ನಡವನ್ನು ಎಲೆ ಕಟ್ಟುವ ಹೆಂಗಸರಿಂದ ಕಲಿತ ಸೆನವಾರಾಳಿಗೆ ಎಲ್ಲ ತಿಳಿಯುತ್ತಿತ್ತು. ಅವಳು ಉಸ್ಮಾನಸಾಬನ ಕಡೆ ತಿರುಗಿದಳು. "ಅಬ್ಬಾ, ಬ್ಯಾಡ. ನಾ ಹೋಗೂದಿಲ್ಲ. ನಿಮ್ಮನ್ನ ಒಳಗ ಹಾಕ್ತಾರ."

"ಸುಮ್ಮನ ಕುಂದ್ರು."

ಉಸ್ಮಾನಸಾಬ ಅವಳ ಬಳೆಗಳ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದ.

"ನನ್ನ ಮಗಳಲ್ರಿ," ಅಂದ. "ಬರ್ಮಾದಾಕಿ. ಸುಳ್ಳು ಬರೆಸಿದಾಂವ ನಾನು."

ಪ್ರಶಾಂತ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿದ. ಈ ಸಲ ಉಸ್ಮಾನಸಾಬ ಪೂರ್ತಿ ಕೇಳಿ ಸಹಿ ಹಾಕಿದ.

"ಕಾಗದ ಇವತ್ತ ಮ್ಯಾಲ ಹೋಗತಾವ," ಅಂದ ಪ್ರಶಾಂತ. "ನಿಮ್ಮ ಕೇಸಿನ ಮಾತು ನನ್ನ ಕೈಯಾಗಿಲ್ಲ, ಅಜ್ಜಾರ."

ಮರುದಿನ ಬೆಳಿಗ್ಗೆ ಉಸ್ಮಾನಸಾಬ ಬಳ್ಳಿಯ ಸಾಲಿನಲ್ಲಿದ್ದಾಗ ಬೇಲಿಯ ಹೊರಗೆ ಸೆನವಾರಾ ಕಂಡಳು. ಬುಟ್ಟಿ ಕಂಕುಳಲ್ಲಿತ್ತು, ಕಾಲಲ್ಲಿ ಚಪ್ಪಲಿ ಹಾಗೇ ಇದ್ದವು. ಹೊರಗಿನವರು ಎಲ್ಲಿ ನಿಲ್ಲುತ್ತಾರೋ ಅಲ್ಲೇ ನಿಂತಿದ್ದಳು. ಹುಣಸೆ ನೆರಳಿನ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಕಚೇರಿಯ ಸುದ್ದಿ ರಾತ್ರಿಯೇ ಅವರಿಗೆ ಮುಟ್ಟಿತ್ತು.

"ಯಾಕ ನಿಂತಿ?"

"ನೀವ ಬರೆದು ಕೊಟ್ಟೀರಿ, ಅಬ್ಬಾ."

ಉಸ್ಮಾನಸಾಬ ಹೆಂಗಸರಿಗೂ ಕೇಳುವಂತೆ ದನಿ ಏರಿಸಿದ. "ಸಾಹೇಬ್ರು ಕೇಳಿದ್ದು ಎಲ್ಲಿ ಹುಟ್ಟೀ ಅಂತ. ತೋಟ ಅದನ್ನ ಕೇಳೂದಿಲ್ಲ. ಚಪ್ಪಲಿ ಬಿಡು, ಎಲಿ ಬಲಿಯಾಕತ್ತಾವ."

ಅವಳು ಚಪ್ಪಲಿ ಬಿಟ್ಟಳು. ಹಸಿ ಮಣ್ಣಿಗೆ ಕಾಲಿಟ್ಟು, ಅವನ ಪಕ್ಕದ ಸಾಲನ್ನು ಬಿಟ್ಟು ಆಚೆಯ ಸಾಲಿಗೆ ಹೋಗಿ ಎಲೆ ಚಿವುಟತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಸಾಲಿಗೆ ಬಂದಳು.