ಬಣ್ಣದ ಕಟ್ಟಿಗೆ

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಟೆಂಪೋ ಬಂತು. ಅದರಲ್ಲಿ ಒಂದು ಅರಮನೆ ಇತ್ತು.

ಗೋರೆಗಾಂವ್ ಕಡೆ ಸಿನಿಮಾ ಶೂಟಿಂಗ್ ಮುಗಿದ ಮೇಲೆ ಒಡೆದು ಹಾಕಿದ ಅರಮನೆ. ಕಂಬಗಳು, ಕಮಾನುಗಳು, ಸಿಂಹಾಸನದ ಒಂದು ಕೈ. ಹೊರಗೆ ಕೆಂಪು ಮತ್ತು ಬಂಗಾರದ ಬಣ್ಣ ಬಳಿದ ಪ್ಲೈವುಡ್, ಒಳಗೆ ಸಾದಾ ಮರದ ಚೌಕಟ್ಟು. ಚಂದ್ರಾಮ ಒಂದು ಕಂಬವನ್ನು ಸುತ್ತಿಗೆಯಿಂದ ತಟ್ಟಿದ. ಟೊಳ್ಳು ಸದ್ದು ಬಂತು.

"ರಾಜಾ ಹ್ಯಾಂಗಿದ್ದನೋ ಏನೋ, ಮನಿ ಮಾತ್ರ ಇಷ್ಟೇ ನೋಡ್ರಿ" ಎಂದ.

"ಹಂಗರ ಕಾಕಾ, ರಾಣಿ ಮಲಗೋ ಖೋಲಿ ನನಗಿರಲಿ" ಎಂದು ಸೇವಂತಿ ಟೆಂಪೋ ಹಲಗೆ ಬಿಚ್ಚುತ್ತ ಕೂಗಿದಳು. ಮರದಿಂದ ಮೊಳೆ ಕೀಳುವ ಹನ್ನೊಂದು ಹೆಂಗಸರಲ್ಲಿ ಅವಳ ಕೈಯೂ ಬಾಯಿಯೂ ಎಲ್ಲರಿಗಿಂತ ಚುರುಕು.

ಅಂಧೇರಿ ಪೂರ್ವದ ಆ ಅಂಗಳ ಒಂದು ದೊಡ್ಡ ಲಾಂಡ್ರಿಯ ಹಿಂಭಾಗ. ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲುಗಳ ಚಾದರ, ಟವೆಲುಗಳನ್ನು ಅಲ್ಲಿ ದಿನಕ್ಕೆ ಒಂಬತ್ತು ಟನ್ ಒಗೆಯುತ್ತಾರೆ. ಎರಡು ವರ್ಷದ ಹಿಂದೆ ಅಲ್ಲಿ ಹೊಸ ಬಾಯ್ಲರ್ ಕೂತಿತು. ಊರಿನ ಮರದ ಕಸವೇ ಅದಕ್ಕೆ ಉರುವಲು: ಕಾರ್ಗೋದ ಒಡೆದ ಪೆಟ್ಟಿಗೆಗಳು, ಬಡಗಿಗಳು ಬಿಟ್ಟ ಚೂರುಗಳು, ಇಂಥ ಸೆಟ್ಟುಗಳ ಚೌಕಟ್ಟುಗಳು. ದಿನಕ್ಕೆ ನಾಲ್ಕು ಟನ್ ಬೇಕು. ಮರ ಉರಿದು ನೀರು ಉಗಿಯಾಗುತ್ತದೆ. ಉಗಿ ಮೊದಲು ಟರ್ಬೈನ್ ತಿರುಗಿಸಿ ವಿದ್ಯುತ್ ಕೊಡುತ್ತದೆ. ಅಲ್ಲಿಂದ ಹೊರಬಂದ ಮೇಲೆ ಉಳಿದ ಬಿಸಿಯಲ್ಲಿ ಒಗೆಯುವ ನೀರು ಕಾಯುತ್ತದೆ, ಬಟ್ಟೆ ಒಣಗುತ್ತವೆ. ಒಂದೇ ಬೆಂಕಿಯಿಂದ ಎರಡು ಕೆಲಸ.

ಮರ ಆಯುವ ಕೆಲಸಕ್ಕೆ ಚಂದ್ರಾಮ ಮುಕಾದಮ, ಅಂದರೆ ಮೇಸ್ತ್ರಿ. ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯವನು, ಮುಂಬಯಿಗೆ ಬಂದು ಇಪ್ಪತ್ತೊಂಬತ್ತು ವರ್ಷ. ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬೋರ್ಡು ಇತ್ತು: ಬಣ್ಣ ಬಳಿದ ಮರ, ಸನ್ಮೈಕಾ, ಪ್ಲೈವುಡ್ ಬಾಯ್ಲರಿಗೆ ಹಾಕಬಾರದು. ಅದನ್ನು ಹಾಕಿಸಿದವಳು ಎಂಜಿನಿಯರ್ ಸಾಧನಾ. ಹಾಕಿದರೆ ಚಿಮಣಿಯಿಂದ ಕೆಟ್ಟ ಗಾಳಿ ಹೊರಡುತ್ತದೆ, ಕೊಳವೆಗಳು ತುಕ್ಕು ಹಿಡಿಯುತ್ತವೆ. ಚಂದ್ರಾಮ ಆ ಬೋರ್ಡನ್ನು ಒಂದು ದಿನವೂ ಮೀರಿದವನಲ್ಲ. ಉಗುರಿನಷ್ಟು ಬಣ್ಣ ಅಂಟಿದ್ದರೂ ಆ ತುಂಡು ಮೂಲೆಯ ರಾಶಿಗೆ ಹೋಗುತ್ತಿತ್ತು.

ಮೂಲೆಯ ರಾಶಿ ಕೆಲಸದವರದು. ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿದಾಗ ಒಬ್ಬೊಬ್ಬಳಿಗೆ ಒಂದು ಹೊರೆ. ಸಾಧನಾ ತನ್ನ ವರದಿಯಲ್ಲಿ ಪ್ರತಿ ತಿಂಗಳೂ ಅದಕ್ಕೊಂದು ಸಾಲು ಬರೆಯುತ್ತಿದ್ದಳು: "ತಿರಸ್ಕೃತ ಮರ, ಕಾರ್ಮಿಕರಿಗೆ ಉಚಿತ." ಯಾರಿಗೆ ಯಾವುದು ಎಂದು ಹಂಚುವವನು ಚಂದ್ರಾಮ. ಬಣ್ಣದ ಕಟ್ಟಿಗೆ ಸೀಮೆಎಣ್ಣೆ ಇಲ್ಲದೆ ಹೊತ್ತುತ್ತದೆ, ಮಳೆಗಾಲದಲ್ಲೂ ಭಗ್ಗೆಂದು ಉರಿಯುತ್ತದೆ. ಹಾಗಾಗಿ ಅದಕ್ಕೇ ಬೇಡಿಕೆ. ಯಾರ ಮನೆಯಲ್ಲಿ ಕಾಯಿಲೆಯೋ, ಯಾರ ಮನೆಗೆ ನೆಂಟರು ಬಂದಿದ್ದಾರೋ ಅವರ ಹೊರೆಗೆ ಅವನು ಬಣ್ಣದ ತುಂಡು ಹೆಚ್ಚು ಸೇರಿಸುತ್ತಿದ್ದ.

ಆ ದಿನ ಬಂಗಾರದ ಕಂಬ ಪೂರ್ತಿಯಾಗಿ ಅವನ ಮನೆಗೇ ಹೋಯಿತು. ಮಗಳು ಸೋನಾಲಿ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಹದಿನೇಳು ದಿನ.

"ಎಲ್ಲಾ ಬಂಗಾರ ಮಗಳಿಗೇ ಏನು ಕಾಕಾ? ನಮಗ ದನದ ಕೊಟಗಿ ಸೆಟ್ ಬಂದಾಗ ಕೊಡ್ತಿ" ಎಂದಳು ಸೇವಂತಿ.

"ನೀನೂ ಒಂದು ಹಡಿ. ನಿನಗೂ ಕೊಡ್ತೀನಿ."

"ಮೂರು ಹಡದೀನಿ. ಆವಾಗ ನೀ ಮುಕಾದಮ ಆಗಿರಲಿಲ್ಲ."

ಚಂದ್ರಾಮನ ಮನೆ ಗುಡ್ಡದ ಮೇಲಿನ ಚಾಳಿನಲ್ಲಿ, ಅಂಗಳದಿಂದ ಆರುನೂರು ಮೀಟರ್. ಹತ್ತು ಅಡಿಗೆ ಹನ್ನೆರಡರ ಒಂದು ಕೋಣೆ, ಬಾಗಿಲ ಬದಿಗೆ ತಗಡು ಮರೆಮಾಡಿದ ಬಚ್ಚಲು, ಅದರಲ್ಲೇ ನೀರೊಲೆ. ಅವನು ಹೋದಾಗ ಹೆಂಡತಿ ಮಹಾದೇವಿ ಬಾಣಂತಿಗೆ ಎರೆದು ಮುಗಿಸಿದ್ದಳು. ಒಲೆಯ ಕೆಂಡವನ್ನು ಶೆಗಡಿಗೆ ತುಂಬಿ ಮಗಳು ಮಲಗಿದ ಹೊರಸಿನ ಕೆಳಗೆ ಸರಿಸುತ್ತಿದ್ದಳು. ಕದ ಮುಚ್ಚಿತ್ತು. ಬಾಣಂತಿಗೆ ಗಾಳಿ ತಾಕಬಾರದು.

"ಅವ್ವಾ, ಬಸ್ ಕರ್, ಸಾಕು. ಕಣ್ಣು ಉರೀಲತ್ತಾವ" ಎಂದಳು ಸೋನಾಲಿ.

"ಉರೀಲಿ. ಈಗ ಕಾಸಿಕೊಳ್ಳಲಿಲ್ಲಂದ್ರ ನಾಳಿ ನಡ ಹಿಡೀತದ. ನಿನ್ನ ಹಡದಾಗ ನಮ್ಮವ್ವ ಎರಡು ತಿಂಗಳು ಕಾಸಿದಳು. ನೋಡು, ಇವತ್ತಿಗೂ ಬಿಂದಿಗಿ ಎತ್ತತೀನಿ."

"ನಿಮ್ಮವ್ವ ಹೊಲದಾಗಿನ ಜಾಲಿ ಕಟಗಿ ಸುಡತಿದ್ದಳು. ಇದರ ಸ್ಮೆಲ್ ಬ್ಯಾರೆನೇ ಅದ."

"ಕಟಗಿ ಅಂದ್ರ ಕಟಗಿ."

ಚಂದ್ರಾಮ ಕಂಬವನ್ನು ಸೀಳಿ ನಾಲ್ಕು ತುಂಡು ಒಲೆಗೆ ಒಡ್ಡಿದ. ಬಣ್ಣ ಗುಳ್ಳೆ ಎದ್ದು, ಉರಿಯ ಅಂಚು ಹಸಿರಾಯಿತು. ಎಷ್ಟು ಬೇಗ ಹೊತ್ತಿತು ನೋಡು ಎಂದು ಹೆಂಡತಿಗೆ ತೋರಿಸಿದ. ಕೂಸು ಕೆಮ್ಮಿತು. ಮೂವರೂ ಅದು ಹಾಲು ನೆತ್ತಿಗೇರಿದ ಕೆಮ್ಮು ಅಂದುಕೊಂಡರು.

ಮರುದಿನ ಬೆಳಿಗ್ಗೆ ಏಳಕ್ಕೆ ಕೂಸು ಹಾಲು ಕುಡಿಯಲಿಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ರಿಕ್ಷಾದಲ್ಲಿ ಮುನ್ಸಿಪಲ್ ಆಸ್ಪತ್ರೆಗೆ ಒಯ್ದರು. ಚಿಕ್ಕ ವಯಸ್ಸಿನ ಡಾಕ್ಟರು ಗಡಿಯಾರ ನೋಡುತ್ತ ಕೂಸಿನ ಉಸಿರು ಎಣಿಸಿದಳು. ನಿಮಿಷಕ್ಕೆ ಎಪ್ಪತ್ತೆರಡು. ಅರವತ್ತು ದಾಟಬಾರದು.

"ಘರ್ ಮೇ ಧುಆ ಹೋತಾ ಹೈ?" ಎಂದು, ಮನೆಯಲ್ಲಿ ಹೊಗೆ ಆಗುತ್ತದೆಯೇ ಅಂತ ಕೇಳಿದಳು.

ಮಹಾದೇವಿ ಗಂಡನ ಮುಖ ನೋಡಿದಳು. "ಕಟಗಿ ಮ್ಯಾಲ ನೀರು ಕಾಸ್ತೀವಿ. ಲಕಡಿ ಸೇ."

"ಕೌನ್ ಸೀ ಲಕಡಿ?"

"ಅಚ್ಛೀ ವಾಲೀ" ಎಂದ ಚಂದ್ರಾಮ. ಒಳ್ಳೆಯ ಕಟ್ಟಿಗೆ ಎಂದೇ ಅವನು ನಂಬಿದ್ದ, ಸುಳ್ಳು ಹೇಳಿರಲಿಲ್ಲ.

"ಕಲರ್ ವಾಲೀ, ಮೇಡಂ. ಪ್ಲೈವುಡ್" ಎಂದಳು ಸೋನಾಲಿ, ಅಪ್ಪನ ಕಡೆ ನೋಡದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು. ಬೈಯಲಿಲ್ಲ. ಅಂಟು, ಬಣ್ಣ ಸುಟ್ಟ ಹೊಗೆ ದೊಡ್ಡವರಿಗೂ ವಿಷ, ಇಷ್ಟು ಚಿಕ್ಕ ಶ್ವಾಸಕೋಶ ಅದನ್ನು ತಡೆಯುವುದಿಲ್ಲ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. ಹೊಗೆಯೊಂದೇ ಕಾರಣ ಎಂದು ಹೇಳಲಾರೆ, ಸೋಂಕೂ ಇದ್ದೀತು. ಆದರೆ ಹೊಗೆ ಇರುವ ಕೋಣೆಗೆ ಈ ಕೂಸು ಮರಳಿ ಹೋಗಬಾರದು ಎಂದಳು. ಕೂಸಿನ ಮೂಗಿಗೆ ಆಮ್ಲಜನಕದ ಸಣ್ಣ ನಳಿಗೆ ಹಾಕಿದರು. ಸೋನಾಲಿ ಕೂಸಿನ ಜೊತೆ ವಾರ್ಡಿನ ಒಳಗೆ ಹೋದಳು. ಮಹಾದೇವಿ ಹೊರಗಿನ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

"ನಾ ಕಾಸಿದೆ" ಎಂದಳು.

"ತಂದಾಂವ ನಾನು" ಎಂದ ಚಂದ್ರಾಮ.

ಹನ್ನೊಂದೂವರೆಗೆ ಅವನು ರಜೆ ಕೇಳಲು ಅಂಗಳಕ್ಕೆ ಬಂದ. ಸಾಧನಾ ಬಾಯ್ಲರಿನ ಮೀಟರುಗಳನ್ನು ನೋಡುತ್ತಿದ್ದಳು. ಅವಳದು ಮೈಸೂರು ಕಡೆಯ ಮನೆತನ, ಈಗ ವಿಲೆ ಪಾರ್ಲೆಯಲ್ಲಿ ವಾಸ. ಅವನೊಂದಿಗೆ ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಳು.

"ಬಣ್ಣದ್ದು ಉರಿಸಬಾರದು ಅಂತ ಬೋರ್ಡೇ ಹಾಕ್ಸಿದ್ನಲ್ಲ ಚಂದ್ರಾಮ" ಎಂದಳು, ಎಲ್ಲ ಕೇಳಿದ ಮೇಲೆ.

"ಬಾಯ್ಲರಿಗಿ ಹಾಕಿಲ್ಲ ಮೇಡಂ. ಎರಡು ವರ್ಷದಾಗ ಒಂದು ತುಂಡೂ ಹಾಕಿಲ್ಲ."

"ಗೊತ್ತು. ನಾನು ಅದನ್ನ ಹೇಳ್ತಿಲ್ಲ..."

"ಮಷೀನಿಗಿ ಆಗಲ್ಲ ಅಂತ ಬರದಿತ್ತು. ಮನಷ್ಯಾರಿಗಿ ಆಗಲ್ಲ ಅಂತ ಬರದಿರಲಿಲ್ಲ."

ಅವನ ದನಿಯಲ್ಲಿ ದೂರು ಇರಲಿಲ್ಲ. ಓದಿದ್ದನ್ನು ಹಾಗೇ ಹೇಳಿದ್ದ. ಸಾಧನಾ ಮೀಟರಿನ ಕಡೆ ತಿರುಗಿದಳು, ಮತ್ತೆ ಇತ್ತ ತಿರುಗಿದಳು.

"ಮೂಲೆ ರಾಶಿ ನಿಮಗೆ ಹೋಗುತ್ತೆ ಅಂತ ನಾನೇ ಸಹಿ ಹಾಕ್ತಿದ್ದೆ. ಯಾವ ಒಲೆಗೆ ಹೋಗುತ್ತೆ ಅಂತ ಒಂದಿನ ಕೇಳಲಿಲ್ಲ" ಎಂದಳು. "ತಪ್ಪು ನಂದು."

"ನೀವು ಹೇಳಿದ್ರೂ ನಾ ಕೇಳತಿದ್ದನೋ ಇಲ್ಲೋ. ಪುಕ್ಕಟ್ಟೆ ಉರೀತಿತ್ತು. ನಮ್ಮವರಿಗೇ ಆಯ್ದು ಆಯ್ದು ಕೊಟ್ಟೆ, ಮೇಡಂ. ಯಾರ ಮ್ಯಾಲ ಜೀವ ಜಾಸ್ತಿನೋ ಅವರಿಗೇ ಜಾಸ್ತಿ ಕೊಟ್ಟೆ."

ಅವಳು ಅವನಿಗೆ ಕುರ್ಚಿ ಸರಿಸಿದಳು. ಅವನು ಕೂರಲಿಲ್ಲ. ರಜೆ ಕೇಳಲು ಬಂದವನು ರಜೆ ಕೇಳದೆ, ಹೊರೆ ಹಂಚುವ ಮೂರು ಗಂಟೆಯವರೆಗೆ ಅಂಗಳದಲ್ಲೇ ಉಳಿದ.

ಮೂರಕ್ಕೆ ಹೆಂಗಸರು ಹೊರೆಗೆ ಬಂದರು. ಚಂದ್ರಾಮ ಮೂಲೆಯ ರಾಶಿಗೆ ಅಡ್ಡ ನಿಂತು ಇನ್ನು ಇದನ್ನು ಕೊಡುವುದಿಲ್ಲ ಎಂದ. ಯಾಕೆಂದು ಹೇಳಿದ. ಕೂಸಿನ ಸುದ್ದಿ ಎಲ್ಲರಿಗೂ ಬೆಳಿಗ್ಗೆಯೇ ತಿಳಿದಿತ್ತು. ಅವರು ಹೊರೆ ಕಟ್ಟುವ ಹಗ್ಗ ಸುತ್ತಿಕೊಂಡರು. ಸೇವಂತಿ ಮಾತ್ರ ಹಗ್ಗವನ್ನು ನೆಲಕ್ಕೆ ಎಸೆದಳು.

"ಕೂಸು ಆರಾಮಾಗಲಿ ಕಾಕಾ, ಅಂಬಾಭವಾನಿಗಿ ಬೇಡಿಕೊಂಡೀನಿ. ಖರೇ, ನಾ ನೀರು ಯಾತರ ಮ್ಯಾಲ ಕಾಸಲಿ? ಮನ್ಯಾಗ ಏಳು ಮಂದಿ. ಗ್ಯಾಸ್ ಅಡಗಿಗೇ ಸಾಲಲ್ಲ. ಇಡೀ ದಿನ ಮರದ ಧೂಳು ಮೈಮ್ಯಾಲ, ಥಣ್ಣೀರಿಗೆ ಹೋಗಲ್ಲ."

"ಸಾದಾ ಕಟಗಿ ಕೊಡಸ್ತೀನಿ."

"ಅದಕ್ಕ ಹೊಗಿ ಇರಲ್ಲೇನು?"

ಚಂದ್ರಾಮ ನೆಲಕ್ಕೆ ಬಿದ್ದ ಹಗ್ಗವನ್ನು ಎತ್ತಿ ಸುತ್ತತೊಡಗಿದ.

"ಹೋಟೆಲಿನ ಚಾದರಿಗಿ ದಿನಾ ಬಿಸಿನೀರಿನ ಜಳಕ" ಎಂದಳು ಸೇವಂತಿ, ಲಾಂಡ್ರಿಯ ಕಡೆ ಕೈ ಮಾಡಿ. "ಅದರ ಕಟಗಿ ಆಯೋರು ನಾವು. ನಮಗ ಕೆಂಡ, ಹೊಗಿ."

ಸಾಧನಾ ಹಿಂದೆ ನಿಂತಿದ್ದಳು. ಅವಳು ತಿರುಗಿ ಲಾಂಡ್ರಿಯ ಬಿಸಿನೀರಿನ ಟಾಂಕಿಯ ಕಡೆ ನಡೆದಳು.

ಆ ಸಂಜೆ ಚಂದ್ರಾಮ ಒಂದು ಕೈಗಾಡಿ ತೆಗೆದುಕೊಂಡು ಗುಡ್ಡ ಹತ್ತಿದ. ಮೊದಲು ತನ್ನ ಮನೆಯ ಮುಂದೆ ಉಳಿದ ಬಂಗಾರದ ತುಂಡುಗಳನ್ನು ಹಾಕಿಕೊಂಡ. ಆಮೇಲೆ ಮನೆ ಮನೆಗೆ ಹೋದ. ಕೊಟ್ಟದ್ದನ್ನು ವಾಪಸು ಕೇಳುವುದು ಅವನಿಗೆ ಜೀವನದಲ್ಲಿ ಮೊದಲು. ಮೊದಲ ಎರಡು ಬಾಗಿಲಲ್ಲಿ ಬರೀ ಕಟ್ಟಿಗೆಯತ್ತ ಬೆರಳು ತೋರಿಸಿದ. ಒಬ್ಬ ಮುದುಕಿ ತಾನೇ ಎತ್ತಿ ಹಾಕಿದಳು. ಇನ್ನೊಂದು ಮನೆಯ ಗಂಡಸು, "ಯಾಕ್ರೀ ಮುಕಾದಮ್, ಭಟ್ಟಿಗಿ ಬೇಕಂತ ಬೇಕರಿಯವನು ರೇಟ್ ಜಾಸ್ತಿ ಕೊಟ್ಟನೇನು?" ಎಂದು ಹಂಗಿಸಿದ. ಚಂದ್ರಾಮ ತುಂಡುಗಳನ್ನು ಗಾಡಿಯಲ್ಲಿ ಜೋಡಿಸಿದ.

ಸೇವಂತಿ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು.

"ಕೊಟ್ಟದ್ದು ಕಸಗೊಳ್ಳಾಕ ಬಂದಿ?"

"ಹ್ಞೂಂ."

"ನಾಚಿಗಿ ಬರಲ್ಲ?"

"ಬರತದ" ಎಂದ ಚಂದ್ರಾಮ. "ನಿನ್ನ ಸಣ್ಣ ಹುಡುಗಿ ಮಳಿಗಾಲದಾಗ ಎರಡು ತಿಂಗಳು ಕೆಮ್ಮಿದಳಲ್ಲ, ಆವಾಗ ಪಾಪ ಅಂತ ನಾನೇ ನಿನಗ ಬಣ್ಣದ್ದು ಹೆಚ್ಚು ಹಾಕ್ಲತ್ತಿದ್ದೆ. ಮುಂಜಾನಿಂದ ಅದೇ ನೆನಪಾಗ್ಲತ್ತದ."

ಸೇವಂತಿ ಕಾಲು ಮಡಚಿ ಎದ್ದಳು. ಒಳಗೆ ಹೋಗಿ ಹೊರೆ ತಂದು ಗಾಡಿಗೆ ಹಾಕಿದಳು, ಮುಂದಿನ ಮನೆಗೆ ಅವನ ಜೊತೆ ತಾನೂ ನಡೆದಳು. "ನಿನಗ ಕೇಳಾಕ ಬರಲ್ಲ. ನಾ ಕೇಳ್ತೀನಿ, ನೀ ಗಾಡಿ ದಬ್ಬು."

ಶುಕ್ರವಾರ ಸಾಧನಾ ಕರೆಸಿದ ಪ್ಲಂಬರು ಬಂದ. ಒಗೆಯುವ ಯಂತ್ರಗಳಿಗೆ ಹೋಗುವ ಬಿಸಿನೀರಿನ ಟಾಂಕಿಯಿಂದ, ಇನ್ನೂ ಸೋಪು ಸೇರದ ಕಡೆಯಿಂದ, ಅಂಗಳದ ಗೋಡೆಗೆ ಒಂದು ಪೈಪು ಎಳೆದು ಎರಡು ನಲ್ಲಿ ಕೂರಿಸಿದ. ನೀರು ಅರವತ್ತೈದು ಡಿಗ್ರಿ. ಬಟ್ಟೆ ಬದಲಿಸುವ ಕೋಣೆಯ ಪಕ್ಕ ತಗಡಿನ ಎರಡು ಬಚ್ಚಲು ಎದ್ದವು. ಮ್ಯಾನೇಜರ್ ಮನೀಶ್, ಇದು ನಿಯಮದಲ್ಲಿದೆಯೇ ಎಂದು ಸಾಧನಾಳನ್ನು ಕೇಳಿದ. ವಿಷದ ಕಟ್ಟಿಗೆಯನ್ನು ಮನೆಗೆ ಕಳಿಸುವುದೂ ನಿಯಮದಲ್ಲಿ ಇರಲಿಲ್ಲ, ಎರಡು ವರ್ಷ ಕಳಿಸಿದೆವು ಎಂದು ಅವಳು ಹೇಳಿದಳು. ತಿಂಗಳ ವರದಿಯ ಆ ಸಾಲನ್ನು ಹೊಡೆದು ಹಾಕಿದಳು. ಮೂಲೆಯ ರಾಶಿಯನ್ನು ಒಯ್ಯಲು, ಇಂಥದ್ದನ್ನು ಉರಿಸುವ ಪರವಾನಗಿ ಇರುವ ಸಿಮೆಂಟ್ ಕಾರ್ಖಾನೆಯೊಂದನ್ನು ಹುಡುಕಿದಳು. ಅದಕ್ಕೆ ಇನ್ನೂ ಐದು ವಾರ ಹಿಡಿಯಿತು. ಅಲ್ಲಿಯವರೆಗೆ ರಾಶಿಗೆ ಬೀಗ ಹಾಕಿದ ಜಾಲರಿ ಸುತ್ತಿಸಿದಳು.

ಪ್ಲಂಬರು ಬಂದ ಮರುದಿನ, ಶನಿವಾರ ಮಧ್ಯಾಹ್ನ, ಕೂಸು ಮನೆಗೆ ಬಂತು. ಹೊರಸಿನ ಕೆಳಗೆ ಶೆಗಡಿ ಇರಲಿಲ್ಲ. ಮಹಾದೇವಿ ಅದನ್ನು ತೊಳೆದು ಅಟ್ಟಕ್ಕೆ ಏರಿಸಿದ್ದಳು. ಆದರೂ ಅವಳ ಮುಖ ಇಳಿದಿತ್ತು.

"ಬಾಣಂತಿ ನಡಕ್ಕ ಕಾವು ಬೇಕು. ನಾಳಿ ನಡಾ ಬಿದ್ದರ ಇದೇ ಮಗಳು ನನಗ ಬೈತಾಳ" ಎಂದಳು.

"ಬೈಯಲ್ಲ" ಎಂದಳು ಸೋನಾಲಿ. ಅವಳು ಔಷಧದ ಅಂಗಡಿಯಿಂದ ರಬ್ಬರಿನ ಬಿಸಿನೀರಿನ ಚೀಲ ತರಿಸಿಕೊಂಡಿದ್ದಳು. "ಅವ್ವಾ, ಇದರಾಗ ತುಂಬಿ ನಡದ ಕೆಳಗ ಇಡು. ದಿನಕ್ಕೆರಡು ಸಲ. ನೀನೇ ಇಡು, ಮತ್ತ ಯಾರೂ ಬ್ಯಾಡ."

ಮಹಾದೇವಿ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು, ಮುಚ್ಚಳ ಬಿಚ್ಚಿ ಮೂಸಿದಳು. "ರಬ್ಬರ್ ನಾತ" ಎಂದಳು. ಆದರೆ ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಅದಕ್ಕೊಂದು ಕವಚ ಹೊಲಿಯಲು ಕೂತಳು.

ನಾಲ್ಕೂ ಹತ್ತಕ್ಕೆ ಚಂದ್ರಾಮ ಬಂದ. ಭುಜದ ಮೇಲೆ ಕಚೇರಿಗಳಿಗೆ ಕುಡಿಯುವ ನೀರು ಒಯ್ಯುವಂಥ ದಪ್ಪ ಗೋಡೆಯ ಇಪ್ಪತ್ತು ಲೀಟರಿನ ಕ್ಯಾಂಪರು, ಒಳಗೆ ಅಂಗಳದ ಹೊಸ ನಲ್ಲಿಯ ಬಿಸಿನೀರು. ಹಿಂದೆ ಸೇವಂತಿ, ತಲೆಯ ಮೇಲೆ ಇನ್ನೊಂದು. ತಲೆಗೂದಲು ಒದ್ದೆಯಿತ್ತು, ಹೊಸ ಬಚ್ಚಲಲ್ಲಿ ಮೊದಲು ಜಳಕ ಮಾಡಿದವಳು ಅವಳೇ.

"ಕೂಸಿನ ಸಲವಾಗಿ ಹೊತ್ತೀನಿ ಕಾಕಾ, ನಿನ್ನ ಸಲವಾಗಿ ಅಲ್ಲ" ಎಂದು ಹೊಸ್ತಿಲಲ್ಲಿ ಇಳಿಸಿದಳು.

"ಇಷ್ಟು ದೂರ ಬರೂತನ ಆರಿರತದ" ಎಂದಳು ಮಹಾದೇವಿ. ಬಕೆಟ್ಟಿಗೆ ಮೂರು ತಂಬಿಗೆ ಸುರಿದು ಮೊಣಕೈ ಅದ್ದಿದಳು, ತಟಕ್ಕನೆ ಹಿಂದೆ ಎಳೆದುಕೊಂಡಳು.

ನೀರು ಕೂಸಿಗೆ ಆಗದಷ್ಟು ಬಿಸಿ ಇತ್ತು. ಅವಳು ನಾಲ್ಕು ತಂಬಿಗೆ ತಣ್ಣೀರು ಬೆರೆಸಿದಳು.